ಮಳೆಗೆ ಹೆದರದ ಕೊಳಲು

ಸದ್ದು ಸಣ್ಣದು. ಒಣ ಕಡ್ಡಿ ಮುರಿದ ಹಾಗೆ, ಟಕ್ ಅಂತ. ನಾನು ಪಕ್ಕದ ಕೋಣೆಯಲ್ಲಿದ್ದೆ. ಏನೋ ಬಿದ್ದಿರಬೇಕು ಅಂದುಕೊಂಡು ಸುಮ್ಮನಾದೆ. ಸಂಜೆ ಕೊಳಲು ಕೈಗೆ ತೆಗೆದುಕೊಂಡಾಗ ವಿಷಯ ಗೊತ್ತಾಯಿತು. ಊದುವ ತೂತಿನ ಬುಡದಿಂದ ಮೊದಲ ಬೆರಳಿನ ತೂತಿನವರೆಗೆ ಒಂದು ಗೆರೆ. ಕೂದಲೆಳೆಯಷ್ಟು ತೆಳು. ಬೆಳಕಿಗೆ ಹಿಡಿದರೆ ಮಾತ್ರ ಕಾಣುತ್ತಿತ್ತು. ಊದಿದೆ. ಮೇಲಿನ ಸ್ವರಗಳು ಬಂದವು. ಕೆಳಗಿನ ಸ್ವರ ಬರಲಿಲ್ಲ, ಬರೀ ಗಾಳಿ ಬಂತು.

ಹದಿನಾಲ್ಕು ವರ್ಷದ ಕೊಳಲು ಅದು. ತಪ್ಪು ನನ್ನದೇ. ಒಣ ಹವೆಯ ದಿನಗಳಲ್ಲಿ ಅದನ್ನು ಚೀಲದಲ್ಲಿಡದೆ ಕಿಟಕಿಯ ಪಕ್ಕ ಬಿಟ್ಟಿದ್ದೆ. ಎಣ್ಣೆ ಸವರಿ ಎಷ್ಟು ತಿಂಗಳಾಗಿತ್ತೋ ನೆನಪಿಲ್ಲ. ಬಿದಿರು ಇಂಥದ್ದನ್ನೆಲ್ಲ ಸ್ವಲ್ಪ ದಿನ ಸಹಿಸಿಕೊಳ್ಳುತ್ತದೆ, ಆಮೇಲೆ ಒಂದೇ ಸಲ ಲೆಕ್ಕ ಚುಕ್ತಾ ಮಾಡುತ್ತದೆ.

ಗೆಳೆಯನೊಬ್ಬನ ಹತ್ತಿರ ಗೋಳು ಹೇಳಿಕೊಂಡೆ. ಅವನು ಸಮಾಧಾನ ಹೇಳಲಿಲ್ಲ. ಮುಂದಿನ ಸಲ ಬಂದಾಗ ಕಪ್ಪು ಕೊಳವೆಯೊಂದನ್ನು ಮೇಜಿನ ಮೇಲಿಟ್ಟ. "ಊದಿ ನೋಡು, ಆಮೇಲೆ ಮಾತಾಡು" ಅಂದ. ಹೊಳೆಯುವ ಕಪ್ಪು. ಮೈತುಂಬ ಚಾಪೆ ಹೆಣೆದ ಹಾಗೆ ನೇಯ್ಗೆಯ ಗುರುತು. ಎತ್ತಿದರೆ ತೂಕವೇ ಇಲ್ಲ. ರೇಸ್ ಸೈಕಲ್ಲಿನ ಯಾವುದೋ ಭಾಗ ಕಿತ್ತುಕೊಂಡು ಬಂದಿದ್ದಾನೆ ಅನಿಸಿತು. ಕಾರ್ಬನ್ ಫೈಬರ್ ಕೊಳಲು.

ಊದಿದೆ. ಕೊಳಲಿನ ಹಾಗೇ ಕೇಳಿಸಿತು.

ಖುಷಿಯಾಗಬೇಕಿತ್ತು, ಅಲ್ವಾ? ನನಗೆ ಕೋಪ ಬಂತು. ಪ್ಲಾಸ್ಟಿಕ್ ಪೀಪಿಯ ಹಾಗೆ ಕೇಳಿಸಿದ್ದರೆ ನಕ್ಕು ಬದಿಗಿಡಬಹುದಿತ್ತು. ಅದು ಹಾಗೆ ಕೇಳಿಸಲಿಲ್ಲ. ಕೆಳಗಿನ ಸ್ವರ ತುಂಬಿಕೊಂಡು ಬಂತು. ನನ್ನ ಬಿದಿರಿನ ಕೊಳಲು ಒಳ್ಳೆಯ ದಿನದಲ್ಲಿ ಹೇಗೆ ಬರುತ್ತಿತ್ತೋ ಹಾಗೆ. ಹಾಗಾದರೆ ಇಷ್ಟು ವರ್ಷ ನಾನು "ಬಿದಿರಿನ ನಾದ" ಅಂತ ಹೇಳಿಕೊಂಡು ಬಂದದ್ದು ಏನು? ಆ ಕೋಪದಲ್ಲೇ ಓದಲು ಕೂತೆ. ಕೆಲವು ತಿಂಗಳು ಓದಿದೆ, ಊದಿದೆ, ಸಿಕ್ಕಿದವರ ವಾದ್ಯಗಳನ್ನೆಲ್ಲ ಮುಟ್ಟಿ ನೋಡಿದೆ. ಈ ಬರಹ ಅದರ ಫಲ.

ಮೊದಲು ವಸ್ತುವಿನ ಮಾತು. ಕಾರ್ಬನ್ ಫೈಬರ್ ಅಂದರೆ ಇಂಗಾಲದ ಎಳೆ. ಒಂದೊಂದು ಎಳೆಯ ದಪ್ಪ ಸುಮಾರು 7 ಮೈಕ್ರೋಮೀಟರ್, ನಮ್ಮ ಕೂದಲಿನ ಹತ್ತನೇ ಒಂದು ಭಾಗ. ಹೆಚ್ಚಿನ ಎಳೆಗಳನ್ನು ಒಂದು ಬಗೆಯ ಅಕ್ರಿಲಿಕ್ ನೂಲಿನಿಂದ ಮಾಡುತ್ತಾರೆ. ಹತ್ತಿರದ ನೆಂಟಸ್ತಿಕೆ ಹೇಳಬೇಕೆಂದರೆ, ಸ್ವೆಟರ್ ಹೆಣೆಯುವ ಅಗ್ಗದ ನೂಲಿಗೆ ಇದು ದಾಯಾದಿ. ಆ ನೂಲನ್ನು ಮೊದಲು 200-300 ಡಿಗ್ರಿಯಲ್ಲಿ ಹದ ಮಾಡಿ, ಆಮೇಲೆ ಆಮ್ಲಜನಕ ಇಲ್ಲದ ಕುಲುಮೆಯಲ್ಲಿ 1000 ಡಿಗ್ರಿಗೂ ಮೇಲೆ ಕಾಯಿಸುತ್ತಾರೆ. ಉಳಿದದ್ದೆಲ್ಲ ಹೋಗಿ ಇಂಗಾಲ ಉಳಿಯುತ್ತದೆ. ಬರೀ ಎಳೆ ಇಟ್ಟುಕೊಂಡು ಏನೂ ಮಾಡಲಾಗದು, ಅದು ದಾರದ ಹಾಗೆ ಬಾಗುತ್ತದೆ. ಎಳೆಗಳನ್ನು ಪದರ ಪದರವಾಗಿ ಅಚ್ಚಿನಲ್ಲಿ ಹಾಸಿ, ಎಪಾಕ್ಸಿ ಎಂಬ ಅಂಟು ಕುಡಿಸಿ, ಗಟ್ಟಿಯಾಗಲು ಬಿಡಬೇಕು. ಎಳೆ ಶಕ್ತಿ ಕೊಡುತ್ತದೆ, ಅಂಟು ಅದನ್ನು ಹಿಡಿದಿಡುತ್ತದೆ. 1960ರ ದಶಕದಲ್ಲಿ ಜಪಾನಿನಲ್ಲೂ ಇಂಗ್ಲೆಂಡಿನಲ್ಲೂ ಇದನ್ನು ಪಳಗಿಸಿದ್ದು ವಿಮಾನಗಳಿಗಾಗಿ. ಸಂಗೀತ ಯಾರ ತಲೆಯಲ್ಲೂ ಇರಲಿಲ್ಲ.

ಇದನ್ನು ಓದುವಾಗ ನಗು ಬಂತು. ಉದ್ದುದ್ದ ಎಳೆ, ಎಳೆಗಳ ನಡುವೆ ಅಂಟು. ಬಿದಿರೂ ಅದೇ ತಾನೆ! ಸೆಲ್ಯುಲೋಸಿನ ನಾರು, ಅದನ್ನು ಹಿಡಿದಿಡುವ ಲಿಗ್ನಿನ್. ಬಿದಿರನ್ನು ಅಡ್ಡ ಕತ್ತರಿಸಿ ನೋಡಿ. ಹೊರಮೈ ಕಡೆಗೆ ನಾರಿನ ಚುಕ್ಕೆಗಳು ಒತ್ತಾಗಿವೆ, ಒಳಗೆ ಹೋದಂತೆ ವಿರಳ. ಬಾಗುವಾಗ ಹೆಚ್ಚು ಜೋರು ಬೀಳುವುದು ಹೊರಮೈ ಮೇಲೆ. ಅಲ್ಲೇ ಹೆಚ್ಚು ನಾರು. ಎಂಜಿನಿಯರುಗಳು ಕಂಪ್ಯೂಟರ್ ಮುಂದೆ ಕೂತು ಹಾಕುವ ಲೆಕ್ಕವನ್ನು ಬಿದಿರು ಬೆಳೆಯುತ್ತಾ ಹಾಕಿಕೊಂಡಿದೆ. ನನ್ನ ಕೊಳಲು ಸೀಳಿದ್ದು ಕೂಡ ಇದೇ ಕಾರಣಕ್ಕೆ. ನಾರೆಲ್ಲ ಉದ್ದಕ್ಕೆ ಇದೆ, ಅಡ್ಡಕ್ಕೆ ಹಿಡಿಯಲು ಏನೂ ಇಲ್ಲ. ಅದಕ್ಕೇ ಕೊಳಲಿಗೆ ಅಲ್ಲಲ್ಲಿ ದಾರ ಸುತ್ತಿರುತ್ತಾರೆ. ನಾನು ಅದನ್ನು ಅಲಂಕಾರ ಅಂದುಕೊಂಡಿದ್ದೆ! ಕಾರ್ಬನ್ ಕೊಳಲಿನಲ್ಲಿ ಆ ದಾರವೇ ಒಳಗೆ ಸೇರಿಕೊಂಡಿದೆ. ಅಡ್ಡಕ್ಕೂ ಓರೆಗೂ ಎಳೆಗಳನ್ನು ಹಾಸಿರುತ್ತಾರೆ.

ಹಾಗಾದರೆ ನಾದ ಎಲ್ಲಿಂದ ಬರುತ್ತದೆ?

ಈ ಜಗಳ ನನ್ನಿಂದ ಶುರುವಾದದ್ದಲ್ಲ. ಡೇಟನ್ ಮಿಲ್ಲರ್ ಎಂಬ ಅಮೆರಿಕದ ಭೌತವಿಜ್ಞಾನಿ 1909ರಲ್ಲೇ ಇದರ ಬಗ್ಗೆ ಬರೆದಿದ್ದ. ಎರಡು ಗೋಡೆಯ ತೆಳು ತಗಡಿನ ಕೊಳವೆ ಮಾಡಿಸಿ, ಊದುತ್ತಿರುವಾಗಲೇ ಗೋಡೆಗಳ ನಡುವೆ ನೀರು ಸುರಿದು, ಸದ್ದು ಬದಲಾಗುವುದನ್ನು ತೋರಿಸಿದ. ಗೋಡೆಯ ವಸ್ತು ಮುಖ್ಯ ಅನ್ನುವುದು ಅವನ ವಾದ. ಆಸಾಮಿ ಕೊಳಲಿನ ಹುಚ್ಚ. ತನ್ನ ಕೈಯಾರೆ ಚಿನ್ನದ ಕೊಳಲು ಮಾಡಿಕೊಂಡಿದ್ದ. ಅವನು ಕೂಡಿಟ್ಟ 1,700ಕ್ಕೂ ಹೆಚ್ಚು ಕೊಳಲುಗಳು ಈಗ ಅಮೆರಿಕದ ಲೈಬ್ರರಿ ಆಫ್ ಕಾಂಗ್ರೆಸ್‌ನಲ್ಲಿವೆ. ಚಿನ್ನದ ಕೊಳಲು ಮಾಡಿಕೊಂಡವನು ವಸ್ತು ಮುಖ್ಯವಲ್ಲ ಅಂತ ಹೇಳುತ್ತಾನೆಯೇ?

1971ರಲ್ಲಿ ಜಾನ್ ಕೋಲ್ಟ್‌ಮನ್ ಎಂಬ ಇನ್ನೊಬ್ಬ ಭೌತವಿಜ್ಞಾನಿ ಬೇರೊಂದು ಪರೀಕ್ಷೆ ಮಾಡಿದ. ತೆಳು ಬೆಳ್ಳಿ, ದಪ್ಪ ತಾಮ್ರ, ಮರ. ಮೂರರಲ್ಲೂ ಒಂದೇ ಅಳತೆಯ ಕೊಳಲು. ಊದುವ ತಲೆ ಮಾತ್ರ ಮೂರಕ್ಕೂ ಒಂದೇ ವಸ್ತುವಿನದು, ಒಂದೇ ಆಕಾರದ್ದು. ಮರೆಯಲ್ಲಿ ನುಡಿಸಿದಾಗ ಕೇಳುಗರಿಗೆ ಯಾವುದು ಯಾವುದು ಎಂದು ಗೊತ್ತಾಗಲಿಲ್ಲ. ಸಂಗೀತ ಕಲಿತವರಿಗೂ ಗೊತ್ತಾಗಲಿಲ್ಲ. ಇನ್ನು ಊದುವವರ ಸರದಿ. ಕೈಗೆ ತೂಕ ತಿಳಿಯದ ಹಾಗೆ ಏರ್ಪಾಡು ಮಾಡಿ ಕೊಟ್ಟಾಗ ಅವರಿಗೂ ಗೊತ್ತಾಗಲಿಲ್ಲ.

ಯಾಕೆ ಅಂದರೆ, ಕೊಳಲಿನಲ್ಲಿ ನುಡಿಯುವುದು ಕೊಳವೆಯಲ್ಲ. ಅದರ ಒಳಗಿನ ಗಾಳಿ. ವೀಣೆಗೆ ತಂತಿ ಹೇಗೋ ಕೊಳಲಿಗೆ ಗಾಳಿಯ ಕಂಬ ಹಾಗೆ. ಗೋಡೆ ಆ ಕಂಬಕ್ಕೆ ಎಲ್ಲೆ ಹಾಕುತ್ತದೆ ಅಷ್ಟೇ. ಮಿಲ್ಲರನ ಹಾಗೆ ತೀರಾ ತೆಳು ತಗಡು ಬಳಸಿದರೆ ಗೋಡೆಯೂ ಅದುರಿ ಗಾಳಿಯ ಆಟದಲ್ಲಿ ಕೈ ಹಾಕುತ್ತದೆ, ನಿಜ. ಆದರೆ ಕೈಯಲ್ಲಿ ಹಿಡಿದು ಊದುವ ಗಟ್ಟಿ ದುಂಡು ಕೊಳವೆಯಲ್ಲಿ ಅದರ ಪಾಲು ತೀರಾ ಕಡಿಮೆ. ಲೆಕ್ಕಕ್ಕೆ ಬರುವುದು ಬೇರೆ ಸಂಗತಿಗಳು. ಒಳಗಿನ ವ್ಯಾಸ, ಒಳಮೈ ಎಷ್ಟು ನಯ, ಬೆರಳಿನ ತೂತಿನ ಅಂಚು ಎಷ್ಟು ಚೂಪು. ಎಲ್ಲಕ್ಕಿಂತ ಹೆಚ್ಚಾಗಿ ಊದುವ ತೂತಿನ ಅಂಚು. ಉಸಿರು ಹೋಗಿ ಬಡಿದು ಇಬ್ಭಾಗವಾಗುವ ಜಾಗ ಅದು. ಅಲ್ಲಿ ಉಗುರಿನ ತುದಿಯಷ್ಟು ಕೆರೆದರೂ ಕೊಳಲು ಬೇರೆಯೇ ಆಗುತ್ತದೆ.

ಅಂದರೆ ನಾನು ಬಿದಿರಿನ ನಾದ ಅಂದುಕೊಂಡದ್ದು ಮುಕ್ಕಾಲು ಪಾಲು ಆ ಕೊಳಲು ಮಾಡಿದವರ ಕೈಯ ನಾದ. ಅವರು ಆ ಅಂಚನ್ನು ಕೆರೆದ ರೀತಿ. ಇದು ಗೊತ್ತಾದ ಮೇಲೆ ಕೋಪ ಸ್ವಲ್ಪ ಇಳಿಯಿತು. ಉಳಿದ ಕಾಲು ಪಾಲು ಏನು ಅಂತ ಕೇಳಬೇಡಿ. ಅದು ತುಟಿಗೆ ತಾಗುವ ಬಿದಿರಿನ ಬಿಸುಪು ಇರಬಹುದು, ಹದಿನಾಲ್ಕು ವರ್ಷದ ಅಭ್ಯಾಸ ಇರಬಹುದು.

ತಂತಿವಾದ್ಯಗಳ ಕತೆ ಹೀಗೆ ಸಲೀಸಾಗಿ ಮುಗಿಯುವುದಿಲ್ಲ. ಅಲ್ಲಿ ಮರ ನಿಜವಾಗಿಯೂ ನುಡಿಯುತ್ತದೆ. ತಂತಿ ತೆಳು, ತಾನೇ ಗಾಳಿಯನ್ನು ತಳ್ಳಲಾರದು. ಅದರ ಅದುರು ಕುದುರೆಯ ಮೂಲಕ, ಅಂದರೆ ತಂತಿ ಕೂರುವ ಸಣ್ಣ ತುಂಡಿನ ಮೂಲಕ, ಮೇಲಿನ ಹಲಗೆಗೆ ಇಳಿಯಬೇಕು. ಹಲಗೆ ಅದುರಿದರೆ ನಮಗೆ ಕೇಳುತ್ತದೆ. ಹಾಗಾಗಿ ಹಲಗೆ ಗಟ್ಟಿಯಾಗಿಯೂ ಇರಬೇಕು, ಹಗುರವಾಗಿಯೂ ಇರಬೇಕು. ಗಟ್ಟಿ ಇಲ್ಲದಿದ್ದರೆ ತಂತಿಯ ಎಳೆತಕ್ಕೆ ಕುಸಿಯುತ್ತದೆ. ಭಾರವಾದರೆ ಅಲುಗುವುದೇ ಇಲ್ಲ. ಪಿಟೀಲು, ಗಿಟಾರ್, ಹಾರ್ಪ್ ಮಾಡುವವರು ತಲೆಮಾರುಗಳಿಂದ ಸ್ಪ್ರೂಸ್ ಮರವನ್ನು ಹಿಡಿದುಕೊಂಡದ್ದು ಈ ಕಾರಣಕ್ಕೆ. ಸ್ಪ್ರೂಸಿನ ನಾರಿನ ಉದ್ದಕ್ಕೆ ಶಬ್ದ ಹೆಚ್ಚುಕಡಿಮೆ ಉಕ್ಕಿನಲ್ಲಿ ಓಡುವಷ್ಟೇ ವೇಗವಾಗಿ ಓಡುತ್ತದೆ. ಮರದ ತೂಕ ನೀರಿನ ಅರ್ಧಕ್ಕಿಂತ ಕಡಿಮೆ.

ಇಲ್ಲಿ ನನಗೆ ಆಶ್ಚರ್ಯ ಕಾದಿತ್ತು. ಕಾರ್ಬನ್ ಫೈಬರ್ ಎಲ್ಲದರಲ್ಲೂ ಮರವನ್ನು ಮೀರಿಸುತ್ತದೆ ಅಂದುಕೊಂಡಿದ್ದೆ. ಲೆಕ್ಕ ಹಾಗೆ ಹೇಳುವುದಿಲ್ಲ. ಎಳೆಗಳನ್ನೆಲ್ಲ ಒಂದೇ ದಿಕ್ಕಿಗೆ ಹಾಸಿದ ಕಾರ್ಬನ್ ಹಲಗೆ ಸ್ಪ್ರೂಸ್‌ಗಿಂತ ಸುಮಾರು ಹತ್ತು ಪಟ್ಟು ಗಟ್ಟಿ. ಆದರೆ ಅಷ್ಟೇ ಗಾತ್ರಕ್ಕೆ ತೂಕ ನಾಲ್ಕು ಪಟ್ಟಿನ ಹತ್ತಿರ. ಗಟ್ಟಿ ಇದೆಯಲ್ಲ, ತೆಳುವಾಗಿ ಮಾಡಿದರಾಯಿತು ಅನ್ನಬಹುದು. ಹಲಗೆ ಬಾಗುವುದು ದಪ್ಪದ ಘನದ ಲೆಕ್ಕದಲ್ಲಿ, ದಪ್ಪ ಅರ್ಧವಾದರೆ ಬಿಗಿ ಎಂಟನೇ ಒಂದು ಭಾಗಕ್ಕೆ ಇಳಿಯುತ್ತದೆ. ಹತ್ತು ಪಟ್ಟು ಗಟ್ಟಿ ಇದ್ದರೂ ಅರ್ಧಕ್ಕಿಂತ ತುಂಬ ತೆಳು ಮಾಡಲು ಆಗುವುದಿಲ್ಲ. ಕೂಡಿಸಿ ಕಳೆದು ನೋಡಿದರೆ, ಸ್ಪ್ರೂಸಿನಷ್ಟೇ ಬಿಗಿ ಇರುವ ಕಾರ್ಬನ್ ಹಲಗೆ ಸ್ಪ್ರೂಸ್‌ಗಿಂತ ಒಂದೂವರೆ ಪಟ್ಟಿಗೂ ಹೆಚ್ಚು ಭಾರ! ವಿಮಾನದ ರೆಕ್ಕೆಗೆ ಆಗುವ ವಸ್ತು ಒಂದು ಮರದ ಚಕ್ಕೆಗೆ ಇಲ್ಲಿ ಸೋಲುತ್ತದೆ. ಈ ಲೆಕ್ಕವನ್ನು ನಾನು ಮೂರು ಸಲ ಮಾಡಿದೆ. ಖುಷಿಗೆ.

ಹಾಗಂತ ವಾದ್ಯ ಮಾಡುವವರು ಕೈ ಕಟ್ಟಿ ಕೂರಲಿಲ್ಲ. ಎರಡು ತೆಳು ಕಾರ್ಬನ್ ಪದರ, ನಡುವೆ ಹಗುರವಾದ ಏನಾದರೊಂದು. ಹೀಗೆ ಮಾಡಿದರೆ ತೂಕ ಏರದೆ ಬಿಗಿ ಏರುತ್ತದೆ. ಗಟ್ಟಿ ಪದರ ಹೊರಗೆ, ಹಗುರ ಪದರ ಒಳಗೆ, ಮತ್ತೆ ಬಿದಿರಿನದೇ ಉಪಾಯ. 1975ರಷ್ಟು ಹಿಂದೆಯೇ ಅಮೆರಿಕದಲ್ಲಿ ಡೇನಿಯಲ್ ಹೇನ್ಸ್, ಪಿಟೀಲು ತಯಾರಕಿ ಕಾರ್ಲೀನ್ ಹಚಿನ್ಸ್ ಮತ್ತು ಜೊತೆಗಾರರು ಇಂಥ ಹಲಗೆ ಹಾಕಿದ ಒಂದು ಪಿಟೀಲು, ಒಂದು ಗಿಟಾರ್ ಮಾಡಿ ಫಲಿತಾಂಶ ಬರೆದಿದ್ದರು. ಹೊಸ ಕಾಲದ ಹುಚ್ಚು ಅಂತ ನಾವು ಅಂದುಕೊಳ್ಳುವುದಕ್ಕೆ ಆಗಲೇ ಐವತ್ತು ವರ್ಷ.

ಮಾರುಕಟ್ಟೆಯಲ್ಲಿ ನೆಲೆಯೂರಲು ಮಾತ್ರ ಇನ್ನೂ ವರ್ಷಗಳು ಹಿಡಿದವು. ಬಂದ ದಾರಿ ಚೆನ್ನಾಗಿದೆ. ಹವಾಯಿ ದ್ವೀಪದಲ್ಲಿದ್ದ ಜಾನ್ ಡೆಕರ್ ಎಂಬ ಭೌತವಿಜ್ಞಾನಿಗೆ ಅಲ್ಲಿನ ತೇವದಲ್ಲಿ ಮರದ ಗಿಟಾರ್ ಬಾಳುವುದಿಲ್ಲ ಎಂಬ ಚಿಂತೆ. 1990ರ ದಶಕದಲ್ಲಿ ರೇನ್‌ಸಾಂಗ್ ಎಂಬ ಹೆಸರಿನ ಅವರ ಕಾರ್ಬನ್ ಗಿಟಾರುಗಳು ಬಂದವು. ಬಾಸ್ಟನ್ ಸಿಂಫನಿ ವಾದ್ಯವೃಂದದಲ್ಲಿ ಚೆಲ್ಲೋ, ಅಂದರೆ ಕೂತು ನುಡಿಸುವ ದೊಡ್ಡ ಪಿಟೀಲಿನಂಥ ವಾದ್ಯ, ನುಡಿಸುತ್ತಿದ್ದ ಲೂಯಿಸ್ ಲೆಗಿಯಾ ಹಾಯಿದೋಣಿ ಓಡಿಸುವಾಗ ಅದರ ಫೈಬರ್‌ಗ್ಲಾಸ್ ಮೈ ಅಲೆಗೆ ಗುಂಯ್‌ಗುಡುವುದನ್ನು ಕೇಳಿಸಿಕೊಂಡರು. ದೋಣಿಯಿಂದ ಇಳಿದು ಚೆಲ್ಲೋ ಅಚ್ಚು ಹಾಕಲು ಕೂತರು. ಕೊನೆಗೆ ದೋಣಿ ಕಟ್ಟುವ ಸ್ಟೀವ್ ಕ್ಲಾರ್ಕ್ ಜೊತೆ ಸೇರಿ ಕಾರ್ಬನ್ ಚೆಲ್ಲೋ ತಯಾರಿಸಿದರು. ಈ ವಸ್ತು ಸಂಗೀತಕ್ಕೆ ಬಂದದ್ದು ಹೀಗೆ ತೇವದಿಂದ, ನೀರಿನಿಂದ. ಮರ ಹೆದರುವ ಜಾಗದಿಂದ.

ಜನಪದ ವಾದ್ಯಗಳಿಗೂ ಅದು ಹರಡಿತು. ಐರಿಷ್ ಕೊಳಲು, ಪುಟ್ಟ ವಿಸಲ್, ಗಾಳಿಚೀಲಕ್ಕೆ ಕೊಳವೆ ಸಿಕ್ಕಿಸಿದ ಸಣ್ಣ ಬ್ಯಾಗ್‌ಪೈಪ್, ಕೈಯಲ್ಲಿ ಎತ್ತಿಕೊಂಡು ಹೋಗುವ ಹಾರ್ಪ್, ಎಲ್ಲ ಈಗ ಕಾರ್ಬನ್‌ನಲ್ಲಿ ಸಿಗುತ್ತವೆ. ಹಾರ್ಪ್‌ಗೆ ಇದು ವರ ಅಂತಲೇ ಅನಿಸುತ್ತದೆ. ಮರದ ಹಾರ್ಪ್ ಅಂದರೆ ನಿಧಾನವಾಗಿ ತನ್ನನ್ನು ತಾನೇ ಮುರಿದುಕೊಳ್ಳುವ ಯಂತ್ರ. ಹತ್ತಾರು ತಂತಿಗಳು ಹಗಲೂ ರಾತ್ರಿ ಹಲಗೆಯನ್ನು ಮೇಲಕ್ಕೆ ಎಳೆಯುತ್ತಲೇ ಇರುತ್ತವೆ. ವರ್ಷ ಕಳೆದಂತೆ ಹಲಗೆ ಹೊಟ್ಟೆ ಉಬ್ಬಿಸಿಕೊಳ್ಳುತ್ತದೆ, ಕುತ್ತಿಗೆ ಓರೆಯಾಗುತ್ತದೆ. ಕೊನೆಗೊಂದು ದಿನ ಬಿರುಕು. ನಾದ ಚೆನ್ನಾಗಿರಬೇಕೆಂದರೆ ಹಲಗೆ ತೆಳುವಾಗಿರಬೇಕು, ತೆಳುವಾದರೆ ಆಯಸ್ಸು ಕಡಿಮೆ. ಹಳೆಯ ತಯಾರಕರು ಈ ಹಗ್ಗದ ಮೇಲೆ ನಡೆದವರು. ಕಾರ್ಬನ್ ಹಾರ್ಪ್‌ಗೆ ಆ ಭಯ ಎಷ್ಟೋ ಕಡಿಮೆ. ಬೆನ್ನಿಗೆ ಹಾಕಿಕೊಂಡು ನಡೆದು ಹೋಗಬಹುದಾದಷ್ಟು ಹಗುರ ಬೇರೆ.

ಆಲ್ಪ್‌ಹಾರ್ನ್ ನೋಡಿದ್ದೀರಾ? ಸ್ವಿಟ್ಜರ್ಲೆಂಡಿನ ಬೆಟ್ಟಗಳ ಉದ್ದ ಕಹಳೆ. ಅಲ್ಲಿ ಹೆಚ್ಚು ಬಳಕೆಯಲ್ಲಿರುವ ಶ್ರುತಿಗೆ ಸುಮಾರು 3.4 ಮೀಟರ್ ಉದ್ದ ಬೇಕು. ಸ್ಪ್ರೂಸ್ ಮರವನ್ನು ಸೀಳಿ, ಒಳಗೆ ಕೊರೆದು, ಮತ್ತೆ ಅಂಟಿಸಿ ಮಾಡುವುದು ರೂಢಿ. ಇಳಿಜಾರಿನಲ್ಲಿ ಬೆಳೆದು ಬುಡದಲ್ಲಿ ತಾನೇ ಬಾಗಿದ ಮರವನ್ನು ಹುಡುಕುತ್ತಿದ್ದರಂತೆ. ಕಹಳೆಯ ಬಾಯಿಯ ಆ ಚೆಂದದ ಬಾಗು ಹಿಮದ ಭಾರಕ್ಕೆ ಬಗ್ಗಿದ ಎಳೆಯ ಮರದ ಬಾಗು. ಈಗ ಕಾರ್ಬನ್ ಆಲ್ಪ್‌ಹಾರ್ನ್ ಇದೆ. ಒಂದರೊಳಗೊಂದು ಸೇರಿಸಿ ಮಡಚಿ ಚೀಲಕ್ಕೆ ಹಾಕಿಕೊಳ್ಳಬಹುದು. ರೈಲು ಹತ್ತುವವರಿಗೆ ಸಲೀಸು, ಬೆಟ್ಟ ಹತ್ತುವವರಿಗೆ ಇನ್ನೂ ಸಲೀಸು. ಬಾಗು ಹಾಗೇ ಇದೆ. ಅದರ ಹಿಂದಿನ ಹಿಮ ಇಲ್ಲ. ನನ್ನನ್ನು ಬಹಳ ದಿನ ಕಾಡಿದ್ದು ಇದು. ಆಕಾರ ಉಳಿದಿದೆ, ಆ ಆಕಾರಕ್ಕೆ ಕಾರಣವಾದದ್ದು ಹೋಗಿದೆ.

ಯೋಚಿಸಿದರೆ ಎಲ್ಲ ಜನಪದ ವಾದ್ಯಗಳೂ ಹೀಗೆಯೇ. ಯಾರೂ ಅಂಗಡಿಗೆ ಹೋಗಿ ವಸ್ತು ಆರಿಸಲಿಲ್ಲ. ಸುತ್ತ ಏನು ಬೆಳೆಯಿತೋ, ಏನು ಸತ್ತಿತ್ತೋ ಅದರಲ್ಲಿ ಮಾಡಿದರು. ಆಸ್ಟ್ರೇಲಿಯಾದ ಡಿಜೆರಿಡು ಅಂದರೆ ಗೆದ್ದಲು ಒಳಗೆ ತಿಂದು ಟೊಳ್ಳು ಮಾಡಿದ ನೀಲಗಿರಿ ಜಾತಿಯ ಮರದ ಕೊಂಬೆ. ವಾದ್ಯದ ಒಳಮೈ ಕೆತ್ತಿದ್ದು ಹುಳು! ಒಂದರ ಹಾಗೆ ಇನ್ನೊಂದಿಲ್ಲ. ಅದನ್ನೂ ಈಗ ಫೈಬರ್‌ನಲ್ಲಿ ಅಚ್ಚು ಹಾಕುತ್ತಾರೆ. ಅಚ್ಚಿನಿಂದ ಬಂದ ಹತ್ತೂ ಒಂದೇ ಥರ. ಶ್ರುತಿ ಹೇಳಿದ ಹಾಗೆ ಕೇಳುತ್ತದೆ. ನನಗೆ ಅದು ಅಷ್ಟು ಹಿಡಿಸಲಿಲ್ಲ, ಕಾರಣ ಸರಿಯಾಗಿ ಹೇಳಲಾರೆ. ಹಾರ್ಪ್ ವಿಷಯದಲ್ಲಿ ಚಪ್ಪಾಳೆ ತಟ್ಟಿ ಡಿಜೆರಿಡು ವಿಷಯದಲ್ಲಿ ಮುಖ ಸಿಂಡರಿಸುವುದು ನ್ಯಾಯವಲ್ಲ ಅಂತ ಗೊತ್ತು.

ಹಾಗಂತ ಮರದ ಪರ ವಕಾಲತ್ತು ಮಾಡಲೂ ಧೈರ್ಯ ಸಾಲದು. ಮರ ಎಲ್ಲಿದೆ? ಬ್ಯಾಗ್‌ಪೈಪ್‌ನ ಕೊಳವೆಗಳಿಗೂ ಎಷ್ಟೋ ಕೊಳಲುಗಳಿಗೂ ಬಳಸುವುದು ಆಫ್ರಿಕಾದ ಬ್ಲ್ಯಾಕ್‌ವುಡ್. ಬೀಟೆ ಮರದ ಜಾತಿಗೇ ಸೇರಿದ್ದು, ಬೆಳೆಯುವುದು ತೀರಾ ನಿಧಾನ. ಆ ಜಾತಿಯ ಮರಗಳ ಕಳ್ಳಸಾಗಣೆ ಎಷ್ಟು ಹೆಚ್ಚಿತೆಂದರೆ 2017ರ ಜನವರಿಯಿಂದ ಇಡೀ ಜಾತಿಯನ್ನೇ ಸೈಟಿಸ್ ಎಂಬ, ಅಳಿವಿನ ಭಯವಿರುವ ಗಿಡ-ಪ್ರಾಣಿಗಳ ವ್ಯಾಪಾರಕ್ಕೆ ಕಡಿವಾಣ ಹಾಕುವ ಅಂತರರಾಷ್ಟ್ರೀಯ ಒಪ್ಪಂದದ ನಿಗಾ ಪಟ್ಟಿಗೆ ಸೇರಿಸಿದರು. ಅದರಲ್ಲಿ ಮಾಡಿದ ವಾದ್ಯವನ್ನು ಗಡಿಯಾಚೆ ಮಾರಬೇಕೆಂದರೆ ಕಾಗದ ಪತ್ರ ಬೇಕಾಯಿತು. ತಯಾರಾದ ವಾದ್ಯಗಳಿಗೆ ವಿನಾಯಿತಿ ಸಿಕ್ಕಿದ್ದು 2019ರ ಕೊನೆಗೆ. ಪಿಟೀಲಿನ ಕಮಾನಿಗೆ ಬಳಸುವ ಬ್ರೆಜಿಲಿನ ಪೆರ್ನಾಂಬುಕೊ ಮರ 2007ರಿಂದಲೇ ಪಟ್ಟಿಯಲ್ಲಿದೆ. ಕಾರ್ಬನ್ ಕಮಾನುಗಳು ಇಷ್ಟು ಬೇಗ ಕಲಿಯುವವರ ಕೈಗೆ ಬಂದದ್ದರಲ್ಲಿ ಆಶ್ಚರ್ಯವಿಲ್ಲ.

2014ರಲ್ಲಿ ಇಬ್ಬರು ಹದಿಹರೆಯದ ಹುಡುಗರು ಬ್ಯಾಗ್‌ಪೈಪ್ ಸ್ಪರ್ಧೆ ಮುಗಿಸಿ ಕೆನಡಾದಿಂದ ಅಮೆರಿಕಕ್ಕೆ ಮರಳುವಾಗ ಗಡಿಯಲ್ಲಿ ಅವರ ವಾದ್ಯಗಳನ್ನು ಹಿಡಿದಿಟ್ಟುಕೊಂಡರು. ಹಳೆಯ ಪೈಪ್‌ಗಳು, ಅಂಚಿಗೆ ಆನೆದಂತದ ಬಳೆ. ಆನೆ ಸತ್ತು ಎಷ್ಟೋ ಕಾಲವಾಗಿರಬೇಕು. ಕಾನೂನಿನ ಕಣ್ಣಿಗೆ ದಂತ ದಂತವೇ. ಆಮೇಲೆ ವಾದ್ಯಗಳು ವಾಪಸ್ ಸಿಕ್ಕವು. ಈ ಸುದ್ದಿ ಓದುವಾಗ ನನಗೆ ಎರಡೂ ಕಡೆ ಸರಿ ಅನಿಸಿತು. ಆನೆಯ ಕಡೆಯೂ ಸರಿ, ಹುಡುಗರ ಕಡೆಯೂ ಸರಿ.

ಚೀನಾದ ಎರಡು ತಂತಿಯ ಎರ್‌ಹು ವಾದ್ಯದ ಮುಖಕ್ಕೆ ಹೆಬ್ಬಾವಿನ ಚರ್ಮ ಹೊದಿಸುತ್ತಾರೆ. ಹಾಂಕಾಂಗಿನ ಚೈನೀಸ್ ಆರ್ಕೆಸ್ಟ್ರಾದವರು ಚರ್ಮದ ಬದಲು ಪಾಲಿಯೆಸ್ಟರ್ ಪೊರೆ ಹಾಕಿದ ವಾದ್ಯಗಳನ್ನು ರೂಪಿಸಿ, ಇಡೀ ತಂಡದ ಆ ಬಗೆಯ ವಾದ್ಯಗಳನ್ನೇ ಬದಲಿಸಿಕೊಂಡರು. ಚರ್ಮ ತೇವಕ್ಕೆ ಸಡಿಲವಾಗುತ್ತದೆ, ಒಂದು ಹಾವಿನ ಚರ್ಮದ ಹಾಗೆ ಇನ್ನೊಂದಿರುವುದಿಲ್ಲ. ಪೊರೆಗೆ ಆ ತಕರಾರಿಲ್ಲ. ಇದು ಕಾರ್ಬನ್ ಅಲ್ಲ, ಆದರೆ ಪ್ರಶ್ನೆ ಅದೇ. ಹಾವು ಹೋದರೂ ಎರ್‌ಹು ಉಳಿಯುತ್ತದೆಯೇ? ನುಡಿಸುವವರು ಹೌದು ಅಂದಿದ್ದಾರೆ. ಕೇಳುವವರೂ ಟಿಕೆಟ್ ಕೊಂಡು ಬರುತ್ತಿದ್ದಾರೆ. ಹೊರಗೆ ನಿಂತ ನಾನು ಯಾರು ಬೇಡ ಅನ್ನಲು?

ಕಿವಿಯನ್ನು ಎಷ್ಟು ನಂಬಬೇಕು ಅನ್ನುವುದು ಇನ್ನೊಂದು ಕತೆ. ಶಬ್ದವಿಜ್ಞಾನಿ ಕ್ಲಾಡಿಯಾ ಫ್ರಿಟ್ಜ್ ಮತ್ತು ಪಿಟೀಲು ತಯಾರಕ ಜೋಸೆಫ್ ಕರ್ಟಿನ್ ನಡೆಸಿದ ಪರೀಕ್ಷೆ 2012ರಲ್ಲಿ ಸುದ್ದಿಯಾಯಿತು. 21 ಪಿಟೀಲು ವಾದಕರು. ಕಣ್ಣಿಗೆ ಕಪ್ಪು ಕನ್ನಡಕ. ಕೈಗೆ ಮೂರು ಹಳೆಯ, ಮೂರು ಹೊಸ ಪಿಟೀಲು. ಹಳೆಯವುಗಳಲ್ಲಿ ಇಟಲಿಯ ಹೆಸರಾಂತ ಪಿಟೀಲು ತಯಾರಕ ಸ್ಟ್ರಾಡಿವರಿಯ ಕೈಯವೂ ಇದ್ದವು. ಹೆಚ್ಚಿನವರಿಗೆ ಹಳೆಯದು ಯಾವುದು ಎಂದು ಹೇಳಲಾಗಲಿಲ್ಲ. ಎಲ್ಲಕ್ಕಿಂತ ಹೆಚ್ಚು ಜನ ಮೆಚ್ಚಿದ್ದು ಹೊಸ ಪಿಟೀಲೊಂದನ್ನು. ಕಣ್ಣು ಕಟ್ಟಿದರೆ ಕಿವಿಯ ಅರ್ಧ ಬಿಂಕ ಇಳಿಯುತ್ತದೆ.

ಕಣ್ಣು ಎಷ್ಟು ಜೋರು ಅನ್ನುವುದಕ್ಕೆ ನನಗೆ ತುಂಬ ಇಷ್ಟವಾದ ಪ್ರಸಂಗ 2009ರ ಜನವರಿಯದು. ಒಬಾಮಾ ಪ್ರಮಾಣವಚನ ಸ್ವೀಕರಿಸಿದ ದಿನ. ಕೊರೆಯುವ ಚಳಿ, ಬಯಲು ವೇದಿಕೆ. ಯೋ-ಯೋ ಮಾ ಚೆಲ್ಲೋ ನುಡಿಸಬೇಕು. ಅಂಥ ಚಳಿಯಲ್ಲಿ ಮರದ ವಾದ್ಯ ಶ್ರುತಿಯಲ್ಲಿ ನಿಲ್ಲುವುದಿಲ್ಲ. ಗಟ್ಟಿಮುಟ್ಟಾದ ಕಾರ್ಬನ್ ಚೆಲ್ಲೋ ತರುವ ಯೋಚನೆ ಅವರಿಗಿತ್ತು. ಆದರೆ ಅದರ ವಿಚಿತ್ರ ರೂಪ ನೋಡಿ ಜನರ ಗಮನ ಬೇರೆ ಕಡೆ ಹೋದೀತು ಅಂತ ಕೈಬಿಟ್ಟರು. ಕೊನೆಗೆ ಮರದ ಚೆಲ್ಲೋವನ್ನೇ ಹಿಡಿದು ಕೂತರು, ಜನ ಕೇಳಿದ್ದು ಎರಡು ದಿನ ಮೊದಲು ಧ್ವನಿಮುದ್ರಿಸಿದ ಸಂಗೀತ. ಸದ್ದಿಗೆ ಮುದ್ರಿಕೆ ಆಗಬಹುದು, ನೋಟಕ್ಕೆ ಮಾತ್ರ ಮರವೇ ಬೇಕು! ನನ್ನ ಕೋಪವೂ ಇದೇ ಜಾತಿಯದು ಅಂತ ಆಗ ಅರಿವಾಯಿತು. ಕಪ್ಪು ಕೊಳವೆ ಮೇಜಿನ ಮೇಲೆ ಬಂದ ಕ್ಷಣದಲ್ಲೇ ನಾನು ತೀರ್ಪು ಕೊಟ್ಟಾಗಿತ್ತು. ಸದ್ದು ಆ ತೀರ್ಪಿಗೆ ಸಹಿ ಹಾಕಲಿಲ್ಲ, ಅದಕ್ಕೆ ಸಿಟ್ಟು.

ಈಗ ದೂರಿನ ಪಟ್ಟಿ. ಗೆಳೆಯ ಕೊಳಲನ್ನು ನನ್ನ ಹತ್ತಿರವೇ ಬಿಟ್ಟುಹೋಗಿದ್ದ. ತಿಂಗಳುಗಟ್ಟಲೆ ಊದಿದ ಮೇಲೆ ಹೇಳುತ್ತಿದ್ದೇನೆ.

ಒಂದು, ನೀರು. ಬಿದಿರು ಉಸಿರಿನ ತೇವವನ್ನು ಸ್ವಲ್ಪ ಹೀರಿಕೊಳ್ಳುತ್ತದೆ. ಕಾರ್ಬನ್ ಒಂದು ಹನಿಯನ್ನೂ ಕುಡಿಯುವುದಿಲ್ಲ. ಅರ್ಧ ಗಂಟೆ ಊದಿದರೆ ತುದಿಯಿಂದ ತೊಟ್ಟಿಕ್ಕುತ್ತದೆ. ಒಮ್ಮೊಮ್ಮೆ ಬೆರಳಿನ ತೂತಿಗೇ ಹನಿ ಬಂದು ಕೂತು ಸ್ವರ ಗೊರಗೊರ ಅನ್ನುತ್ತದೆ.

ರಿಪೇರಿಯದು ಇದಕ್ಕಿಂತ ದೊಡ್ಡ ದೂರು. ಪಿಟೀಲು ಮಾಡುವವರು ಇವತ್ತಿಗೂ ಪ್ರಾಣಿಯ ಚರ್ಮದಿಂದ ಕಾಯಿಸಿದ ಅಂಟು ಬಳಸುತ್ತಾರೆ. ಅದಕ್ಕಿಂತ ಗಟ್ಟಿ ಅಂಟು ಸಿಗುವುದಿಲ್ಲ ಅಂತಲ್ಲ. ಬೇಕೆಂದೇ ಅದನ್ನು ಹಿಡಿದಿದ್ದಾರೆ. ಬಿಸಿ ಮತ್ತು ತೇವ ತಾಗಿಸಿದರೆ ಅದು ಬಿಟ್ಟುಕೊಳ್ಳುತ್ತದೆ. ವಾದ್ಯವನ್ನು ಬಿಚ್ಚಿ, ಒಳಗೆ ಸರಿಮಾಡಿ, ಮತ್ತೆ ಅಂಟಿಸಬಹುದು. ಎಲ್ಲೋ ಜೋರು ಬಿದ್ದರೆ ಹಲಗೆ ಸೀಳುವ ಮೊದಲು ಅಂಟು ಬಿಡುತ್ತದೆ. ಮುಂದೊಂದು ದಿನ ಇದು ಕೆಡುತ್ತದೆ, ಇನ್ನಾರೋ ಇದನ್ನು ಬಿಚ್ಚುತ್ತಾರೆ ಅಂತ ಮೊದಲೇ ಒಪ್ಪಿಕೊಂಡು ಮಾಡಿದ ಕೆಲಸ ಅದು. ಎಪಾಕ್ಸಿ ಹಾಗಲ್ಲ. ಒಮ್ಮೆ ಗಟ್ಟಿಯಾದರೆ ಮತ್ತೆ ಕರಗುವುದಿಲ್ಲ. ಕಾರ್ಬನ್ ವಾದ್ಯ ಸುಲಭಕ್ಕೆ ಕೆಡುವುದಿಲ್ಲ, ನಿಜ. ಕೆಟ್ಟರೆ ತೇಪೆ ಹಾಕಬಹುದು, ಬಿಚ್ಚಲು ಬರುವುದಿಲ್ಲ. ಪೂರ್ತಿ ಹಾಳಾದರೆ ಎಳೆ ಬೇರೆ ಅಂಟು ಬೇರೆ ಮಾಡುವುದು ಬಲು ಕಷ್ಟ. ಮಣ್ಣಿಗೆ ಹಾಕಿದರೆ ಮಣ್ಣಾಗುವುದಿಲ್ಲ. ಮರ ಉಳಿಸುವ ವಾದ್ಯ ಅಂತ ಬೆನ್ನು ತಟ್ಟುವಾಗ, ಅದು ಹುಟ್ಟಿದ್ದು ಪೆಟ್ರೋಲಿಯಂನಿಂದ, ಬೆಂದದ್ದು ಸಾವಿರ ಡಿಗ್ರಿಯ ಕುಲುಮೆಯಲ್ಲಿ ಎನ್ನುವುದನ್ನೂ ನೆನಪಿಟ್ಟುಕೊಳ್ಳಬೇಕು. ಉಜ್ಜುವಾಗ ಏಳುವ ಧೂಳು ಶ್ವಾಸಕೋಶಕ್ಕೆ ಒಳ್ಳೆಯದಲ್ಲ, ಚರ್ಮಕ್ಕೆ ತುರಿಕೆ. ಮರ ಉಜ್ಜಿದಾಗ ಬರುವ ಆ ವಾಸನೆ ಇಲ್ಲ.

ಇನ್ನು ತಯಾರಕರ ಕೆಲಸ. ಮರದಲ್ಲಿ ಮಾಡುವವರು ಹಲಗೆಯನ್ನು ಬೆರಳಿನಲ್ಲಿ ಬಡಿದು ಕೇಳುತ್ತಾರೆ. ಸ್ವಲ್ಪ ಕೆರೆದು ಮತ್ತೆ ಬಡಿಯುತ್ತಾರೆ. ಈ ಹಲಗೆ ಬೇರೆ, ಆ ಹಲಗೆ ಬೇರೆ. ಮರ ಏನು ಹೇಳುತ್ತದೋ ಅದಕ್ಕೆ ಕೈ ತಗ್ಗಬೇಕು. ಅಚ್ಚಿನ ಕೆಲಸದಲ್ಲಿ ಈ ಮಾತುಕತೆಯೆಲ್ಲ ಅಚ್ಚು ಮಾಡುವ ಮೊದಲೇ ಮುಗಿದಿರಬೇಕು. ಯಾವ ಪದರ ಯಾವ ದಿಕ್ಕಿಗೆ, ಎಲ್ಲಿ ಎಷ್ಟು. ಅದೂ ಜಾಣ್ಮೆಯೇ, ಕೀಳು ಮಾಡುತ್ತಿಲ್ಲ. ವರ್ಷಗಟ್ಟಲೆ ತಪ್ಪು ಮಾಡಿ ತಿದ್ದಿಕೊಂಡವರು ಅವರು. ಆದರೆ ನೂರನೇ ವಾದ್ಯ ಮಾಡುವಾಗ ಕಿವಿಗೆ ಕೆಲಸ ಕಡಿಮೆ.

ಇಷ್ಟೆಲ್ಲ ಹೇಳಿದ ಮೇಲೆ ಒಂದು ಚಳಿಯ ಬೆಳಗಿನ ವಿಷಯ ಹೇಳಲೇಬೇಕು. ನಾವು ನಾಲ್ಕು ಜನ ಹೊರಗೆ ಕೂತು ನುಡಿಸೋಣ ಅಂತ ಸೇರಿದ್ದೆವು. ನಾನು ಕಪ್ಪು ಕೊಳಲು ತಂದಿದ್ದೆ. ಜಂಬದಿಂದಲೇ ತಂದಿದ್ದೆ. ಇದಕ್ಕೆ ಚಳಿ ಇಲ್ಲ ಮಳೆ ಇಲ್ಲ, ನಿಮ್ಮ ಶ್ರುತಿ ಪೆಟ್ಟಿಗೆಗೆ ನಾನೇ ದಿಕ್ಕು ಅಂದೆ. ಊದಿದರೆ ಶ್ರುತಿ ಕೆಳಗಿದೆ! ಕಿವಿಗೆ ಹೊಡೆಯುವಷ್ಟು ಕೆಳಗೆ. ಎಲ್ಲರೂ ನನ್ನನ್ನೇ ನೋಡಿದರು.

ಕೊಳವೆ ಒಂದು ಎಳೆಯಷ್ಟೂ ಕುಗ್ಗಿರಲಿಲ್ಲ. ಕಾರ್ಬನ್ ಎಳೆ ಬಿಸಿಗೆ ಚಳಿಗೆ ಹೆಚ್ಚುಕಡಿಮೆ ಬದಲಾಗುವುದೇ ಇಲ್ಲ. ಬದಲಾದದ್ದು ಒಳಗಿನ ಗಾಳಿ. ಒಂದು ಡಿಗ್ರಿ ಚಳಿ ಹೆಚ್ಚಿದರೆ ಗಾಳಿಯಲ್ಲಿ ಶಬ್ದದ ವೇಗ ಸೆಕೆಂಡಿಗೆ ಸುಮಾರು 0.6 ಮೀಟರ್ ಇಳಿಯುತ್ತದೆ. ಹತ್ತು ಡಿಗ್ರಿ ಇಳಿದರೆ ಕೊಳಲು ಅರ್ಧಸ್ವರದ ಮೂರನೇ ಒಂದು ಭಾಗದಷ್ಟು ಕೆಳಗೆ ಜಾರುತ್ತದೆ. ಅದು ಬಿದಿರಾಗಲಿ ಚಿನ್ನವಾಗಲಿ ಕಾರ್ಬನ್ ಆಗಲಿ. ನುಡಿಯುವುದು ಗಾಳಿ ಅಂತ ಅಷ್ಟುದ್ದ ಓದಿ, ಕೋಲ್ಟ್‌ಮನ್‌ಗೆ ಸೈ ಅಂದವನಿಗೆ ಗಾಳಿಗೂ ಚಳಿಯಾಗುತ್ತದೆ ಅನ್ನುವುದು ಹೊಳೆದಿರಲಿಲ್ಲ.

ಕೊಳಲನ್ನು ಅಂಗಿಯೊಳಗೆ ಎದೆಗೆ ಅವಚಿಕೊಂಡು ಕೂತೆ. ನಡುನಡುವೆ ತೆಗೆದು ಸದ್ದಿಲ್ಲದೆ ಒಳಗೆ ಬಿಸಿ ಉಸಿರು ಬಿಟ್ಟೆ. ಹದಿನಾಲ್ಕು ವರ್ಷ ಬಿದಿರಿನ ಕೊಳಲಿಗೆ ಏನು ಮಾಡುತ್ತಿದ್ದೆನೋ ಅದನ್ನೇ. ಹತ್ತು ನಿಮಿಷದಲ್ಲಿ ಶ್ರುತಿ ಮೇಲೆ ಬಂತು. ಆವತ್ತು ಮೊದಲ ಸಲ ಆ ಕಪ್ಪು ಕೊಳವೆ ನನಗೆ ಸೈಕಲ್ಲಿನ ಭಾಗದ ಹಾಗೆ ಕಾಣಲಿಲ್ಲ.

ಮನೆಗೆ ಬಂದು ಹಳೆಯ ಕೊಳಲು ತೆಗೆದೆ. ಬಿರುಕಿಗೆ ತೆಳುವಾದ ಅಂಟು ಇಳಿಸಿ, ಒತ್ತಿ ಹಿಡಿದು, ಮೇಲೆ ಬಿಗಿಯಾಗಿ ದಾರ ಸುತ್ತಿದೆ. ಸುತ್ತುವುದು ನೋಡಿದಷ್ಟು ಸುಲಭವಲ್ಲ. ಮೂರು ಸಲ ಬಿಚ್ಚಿದೆ. ನಾಲ್ಕನೇ ಸಲ ನಿಂತಿತು. ಕೆಳಗಿನ ಸ್ವರ ಬರುತ್ತಿದೆ, ಸ್ವಲ್ಪ ಗಾಳಿ ಬೆರೆತು. ಒಳಗೆ ಎಣ್ಣೆ ಸವರಿ ಚೀಲದಲ್ಲಿಟ್ಟಿದ್ದೇನೆ, ಕಿಟಕಿಯಿಂದ ದೂರ. ಗೆಳೆಯ ತನ್ನ ಕೊಳಲು ವಾಪಸ್ ಕೇಳಿದ್ದಾನೆ. ಇನ್ನೊಂದು ವಾರ ಅಂದಿದ್ದೇನೆ. ಹೀಗೆ ಹೇಳಿದ್ದು ಇದು ಮೂರನೇ ಸಲ.

ಒಣ ಹವೆಯ ದಿನಗಳು ಮತ್ತೆ ಬರಲಿ. ದಾರ ಹಿಡಿಯುತ್ತದೋ ನೋಡೋಣ.